ತಂಡ ಗೆಲ್ಲುತ್ತಿರುವಾಗ ಜೀನ್ ಬರಬಾರದು

ಥಪ್.

ಮೊದಲು ರೇಡಿಯೊದಲ್ಲಿ ಆ ಸದ್ದು ಬರುತ್ತಿತ್ತು. ಬೇಸ್‌ಬಾಲ್ ಚೆಂಡು ಕ್ಯಾಚರನ ತೊಗಲಿನ ಗವಸನ್ನು ಹೊಕ್ಕು ಕೂತ ಸದ್ದು. ಅಷ್ಟು ಹೊತ್ತಿಗೆ ಗೋಡೆಯ ಮೇಲಿನ ಟಿ.ವಿ.ಯಲ್ಲಿ ಅದೇ ಚೆಂಡು ಇನ್ನೂ ಅದನ್ನು ಎಸೆಯುವ ಪಿಚರನ ಬೆರಳುಗಳ ನಡುವೆಯೇ ಇರುತ್ತಿತ್ತು. ಲೊರೇನಳ ಬಾರಿನಲ್ಲಿ ಟಿ.ವಿ.ಯ ಬಾಯಿ ಕಟ್ಟಿ ರೇಡಿಯೊವನ್ನು ಮಾತಾಡಲು ಬಿಡುವುದು ಅವಳ ಗಂಡನ ಕಾಲದಿಂದ ನಡೆದು ಬಂದ ಪದ್ಧತಿ. ಚಿತ್ರ ಸದ್ದಿಗಿಂತ ಚೂರು ಹಿಂದೆ ಬೀಳುತ್ತಿತ್ತು. ಹಾಗಾಗಿ ಅಲ್ಲಿ ಕೂತವರು ಏನಾಯಿತೆಂದು ಕಿವಿಯಲ್ಲಿ ತಿಳಿದು, ಅದನ್ನು ಕಣ್ಣಿನಿಂದ ನೋಡಲು ಕಾಯುತ್ತಿದ್ದರು.

ಯೂಜೀನ್ ಗ್ಲೋವಾಕಿಗೆ ಈ ನಡುವಿನ ಚೂರು ಹೊತ್ತು ಬಹಳ ಪ್ರಿಯ. ಎಲ್ಲರೂ ಒಟ್ಟಿಗೆ ಉಸಿರು ಹಿಡಿಯುವ ಹೊತ್ತು ಅದು. ಒಬ್ಬನೇ ಉಸಿರು ಹಿಡಿದರೆ ಅದು ಕಾಯಿಲೆ, ಹತ್ತು ಜನ ಹಿಡಿದರೆ ಅದು ಆಟ ಎಂದು ಅವನಿಗೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವ ಜಾತಿಯವನಲ್ಲ ಅವನು.

ಅಮೆರಿಕದ ಒಂದು ಸರೋವರದ ದಡದಲ್ಲಿರುವ ಈರಿ ಊರಿನ ಪೂರ್ವದ ಬೀದಿಗಳಲ್ಲಿ ಅವನು ಎಲ್ಲರಿಗೂ ಜೀನ್. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಬ್ರೆಡ್ಡಿನ ವ್ಯಾನು ಓಡಿಸಿದವನು. ಊರು ಏಳುವ ಮೊದಲೇ ಅಂಗಡಿಗಳ ಹಿಂಬಾಗಿಲಲ್ಲಿ ಬ್ರೆಡ್ಡು ಇಳಿಸಿ ಹೋಗುವ ಕೆಲಸ. ಊರಿಗೆಲ್ಲ ಅವನು ತಂದ ಬ್ರೆಡ್ಡಿನ ಪರಿಚಯವಿತ್ತು, ಅವನ ಪರಿಚಯವಿರಲಿಲ್ಲ. ಮನೆಯಲ್ಲಿ ತಾಯಿ. ಪೋಲಿಷ್ ಭಾಷೆಯಲ್ಲಿ ಜಪಮಾಲೆ ಎಣಿಸುತ್ತ, ಮಗನಿಗೆ ಮದುವೆಯಾಗಲಿಲ್ಲವಲ್ಲ ಎಂದು ಕೊರಗುತ್ತ, ಅವನು ಯಾವ ಹುಡುಗಿಯ ಹೆಸರೆತ್ತಿದರೂ ಅವಳಲ್ಲಿ ಒಂದು ಹುಳುಕು ಹುಡುಕುತ್ತ ಆಕೆ ತೊಂಬತ್ತು ದಾಟುವವರೆಗೆ ಬಾಳಿದಳು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಜೀನ್ ಎಲ್ಲಿ ಹೋಗಬೇಕೆಂದು ತಿಳಿಯದೆ ಲೊರೇನಳ ಬಾರಿಗೆ ಬಂದು ಕೂತ. ಕಿಟಕಿ ಪಕ್ಕದ ಮೇಜಿನಲ್ಲಿ ಇಬ್ಬರು ಗಂಡಸರು ಬೇಸ್‌ಬಾಲ್ ಬಗ್ಗೆ ಜಗಳವಾಡುತ್ತಿದ್ದರು. ಅವರಲ್ಲೊಬ್ಬ ತಿರುಗಿ, "ಏನಪ್ಪಾ, ನೀನೇ ಹೇಳು, ನಾನು ಹೇಳೋದು ಸರಿಯೋ ಇವನು ಹೇಳೋದು ಸರಿಯೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಲಿನಿಂದ ಒಂದು ಕುರ್ಚಿಯನ್ನು ಅವನ ಕಡೆ ತಳ್ಳಿದ. ಆ ಕುರ್ಚಿಯಲ್ಲಿ ಜೀನ್ ಐದು ಬೇಸಿಗೆ ಕಳೆದ.

ಕುರ್ಚಿ ತಳ್ಳಿದವನು ಡೊಮ್ ಫ್ರಟಾಂಜೆಲೊ. ಕೊಳಾಯಿ ಕೆಲಸದವನು, ದೊಡ್ಡ ಗಂಟಲು. ಅವನೆದುರಿಗೆ ಮರ್ವ್ ಹ್ಯಾಚ್, ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು; ಯಾವ ಆಟಗಾರನ ಹೆಸರೆತ್ತಿದರೂ ಫೋನಿನಲ್ಲಿ ಅಂಕಿ ತೆಗೆದು ಮುಖಕ್ಕೆ ಹಿಡಿಯುತ್ತಿದ್ದ. ಜಗಳಕ್ಕೆ ಇಬ್ಬರು ಸಾಕು, ಸಾಕ್ಷಿಗೆ ಮೂರನೆಯವನು ಬೇಕು. ಜೀನ್ ಆ ಮೂರನೆಯವನು. ಇಬ್ಬರ ಮಾತಿಗೂ ತಲೆಯಾಡಿಸುತ್ತ, ಬೇಯಿಸಿದ ಎತ್ತಿನ ಮಾಂಸ ತುಂಬಿದ ಬನ್ನನ್ನು ನಿಧಾನಕ್ಕೆ ತಿನ್ನುತ್ತ, ಕತ್ತಲಾಗುವವರೆಗೆ ಕೂತಿರುತ್ತಿದ್ದ. ಮನೆಗೆ ಹೋಗುವಾಗ ಡೊಮ್, "ನಾಳೆ ಸಿಗೋಣ ಕಣೋ" ಎನ್ನುತ್ತಿದ್ದ. ಆ ಒಂದು ಮಾತನ್ನು ಜೀನ್ ಬೆಚ್ಚಗಿನ ಬ್ರೆಡ್ಡಿನಂತೆ ಅಂಗಿಯೊಳಗಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದ.

ಆ ಜೂನ್ ತಿಂಗಳ ಶುಕ್ರವಾರ ಸರೋವರದಿಂದ ಎದ್ದ ಹುಳುಗಳು ಕಿಟಕಿಯ ಗಾಜಿಗೆಲ್ಲ ಅಂಟಿಕೊಂಡಿದ್ದವು. ಒಳಗೆ ಕರಿದ ಮೀನಿನ ವಾಸನೆ. ತಂಡ ಇರುವುದು ಎರಡು ತಾಸು ದೂರದ ದೊಡ್ಡ ನಗರದಲ್ಲಿ. ಅಂದು ಎಸೆಯುತ್ತಿದ್ದವನು ಎಲಿಯಸ್ ತ್ರಿಯಾನ, ಇಡೀ ಊರು ತನ್ನ ಮನೆಮಗನೆಂದುಕೊಂಡಿದ್ದ ಪಿಚರ್. ಏಳು ಇನಿಂಗ್ಸ್ ಮುಗಿದಿತ್ತು. ಎದುರು ತಂಡದವರಲ್ಲಿ ಒಬ್ಬನಿಗೂ ಅವನ ಎಸೆತವನ್ನು ಹೊಡೆದು ದಕ್ಕಿಸಿಕೊಳ್ಳಲು ಆಗಿರಲಿಲ್ಲ. ಇನ್ನೆರಡು ಇನಿಂಗ್ಸ್ ಹೀಗೇ ಕಳೆದರೆ ಅದು ಜೀವಮಾನದ ಆಟ.

ಅಂಥ ಆಟಕ್ಕೊಂದು ಹೆಸರಿದೆ. ಆಟ ಮುಗಿಯುವವರೆಗೆ ಆ ಹೆಸರನ್ನು ಯಾರೂ ಬಾಯಿಂದ ಆಡುವುದಿಲ್ಲ. ಆಡಿದರೆ ಮುರಿಯುತ್ತದೆ. ಮೈದಾನದಲ್ಲಿ ಸಂಗಡಿಗರು ಆ ಪಿಚರನ ಪಕ್ಕ ಕೂರುವುದಿಲ್ಲ, ಮಾತಾಡಿಸುವುದಿಲ್ಲ. ಅವನು ಬೆಂಚಿನ ತುದಿಯಲ್ಲಿ ಮೈಲಿಗೆಯವನಂತೆ ಒಂಟಿಯಾಗಿರುತ್ತಾನೆ. ಬಾರಿನಲ್ಲೂ ಅಷ್ಟೇ. ಡೊಮ್ ಅರ್ಧ ಗಂಟೆಯಿಂದ ಕಾಲಿನ ಮೇಲೆ ಕಾಲು ಹಾಕಿಕೊಂಡು, ಬಚ್ಚಲಿಗೂ ಏಳದೆ, ಹಲ್ಲು ಕಚ್ಚಿ ಕೂತಿದ್ದ. ಮರ್ವ್ ಫೋನನ್ನು ಬೋರಲಾಗಿ ಇಟ್ಟಿದ್ದ. ಲೊರೇನ್ ಒರೆಸಿದ ಗಾಜಿನ ಲೋಟವನ್ನೇ ಮತ್ತೆ ಒರೆಸುತ್ತಿದ್ದಳು.

ಆಗ ಬಾಗಿಲು ತೆರೆದು ಒಬ್ಬ ಹೆಂಗಸು ಬಂದಳು. ಅರವತ್ತರ ಹತ್ತಿರದವಳು, ಊರಿಗೆ ಹೊಸಬಳು, ಕಟ್ಟಿಸಿಕೊಂಡು ಹೋಗಲು ಮೀನು ಹೇಳಿದ್ದಳು. ಈ ಮೌನ ನೋಡಿ ಅವಳಿಗೆ ಗಾಬರಿಯಾಯಿತು. ಹತ್ತಿರದಲ್ಲಿದ್ದವನು ಜೀನ್. ಅವನ ಕಡೆ ಬಾಗಿ ಕೇಳಿದಳು:

"ಯಾರಾದ್ರೂ ತೀರ್ಕೊಂಡ್ರೇನ್ರೀ?"

ಜೀನ್‌ಗೆ ನಗು ಬಂತು. ಅವನ ನಗು ಕಂಡು ಅವಳೂ ನಕ್ಕಳು. ತನ್ನನ್ನು ಕಡೆಯ ಸಲ ಒಬ್ಬ ಹೆಂಗಸು ಹೀಗೆ ಬಾಗಿ ಏನನ್ನಾದರೂ ಕೇಳಿದ್ದು ಯಾವಾಗ? ಅವನಿಗೆ ನೆನಪಾಗಲಿಲ್ಲ. ಉತ್ತರ ತನ್ನಲ್ಲಿದೆ, ಕೇಳಿದವಳು ಕಾಯುತ್ತಿದ್ದಾಳೆ ಎಂಬ ಖುಷಿಯಲ್ಲಿ ಅವನ ನಾಲಿಗೆ ಜಾರಿತು.

"ಇಲ್ಲ ಇಲ್ಲ, ಒಳ್ಳೇ ಸುದ್ದೀನೇ. ನಮ್ಮ ತ್ರಿಯಾನ ಒಂದೂ ಹಿಟ್ ಕೊಟ್ಟಿಲ್ಲ. ನೋ-ಹಿಟರ್ ಎಸೀತಾ ಇದಾನೆ."

ರೇಡಿಯೊದಲ್ಲಿ ಥಪ್ ಎನ್ನಲಿಲ್ಲ. ಚೆಂಡು ಎಲ್ಲೋ ಬೇಲಿಗೆ ಬಡಿದ ಸದ್ದು. ಆಮೇಲೆ ವೀಕ್ಷಕ ವಿವರಣೆಗಾರ, "ಅಯ್ಯೋ, ಬೇಡ, ಬೇಡ" ಎಂದ. ಎಲ್ಲರೂ ಟಿ.ವಿ. ನೋಡಿದರು. ತ್ರಿಯಾನ ಕೈ ಎತ್ತಿದ, ಎಸೆದ. ಚೆಂಡು ಗುರಿ ತಪ್ಪಿ ಆಕಾಶಕ್ಕೆ ಹೋಯಿತು. ಅವನು ಬಲ ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತ.

ಬಾರಿನಲ್ಲಿದ್ದವರು ಟಿ.ವಿ.ಯಿಂದ ಕಣ್ಣು ಕಿತ್ತು ಒಬ್ಬೊಬ್ಬರಾಗಿ ಜೀನ್ ಕಡೆ ತಿರುಗಿದರು.

"ಏನೋ ಅಂದೆ ನೀನು?" ಡೊಮ್‌ನ ದನಿ ಮೊದಲ ಸಲ ಸಣ್ಣದಾಗಿತ್ತು. "ಜೀನ್, ಈಗ ಏನೋ ಅಂದೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಗಸು ಮೀನಿನ ಪೊಟ್ಟಣ ತೆಗೆದುಕೊಂಡು, ಏನಾಯಿತೆಂದು ತಿಳಿಯದೆ, ಹೊರಟುಹೋದಳು.

ಶನಿವಾರ ಜೀನ್ ನಾಚಿಕೆಯಿಂದ ಬಾರಿಗೆ ಹೋಗಲಿಲ್ಲ. ತಂಡ ಗೆದ್ದಿತು. ಭಾನುವಾರ ಹೋದ. ಹೋಗುವಷ್ಟರಲ್ಲಿ ಸುದ್ದಿ ಬಂದಿತ್ತು: ಮೊಣಕೈಯ ಲಿಗಮೆಂಟ್ ಹರಿದಿದೆ, ಆಪರೇಶನ್ ಆಗಬೇಕು.

"ಮ್ಯಾನೇಜರನ್ನ ಕಂಬಕ್ಕೆ ಕಟ್ಟಬೇಕು," ಡೊಮ್ ಗುಡುಗುತ್ತಿದ್ದ. "ನೂರು ಎಸೆತ ದಾಟಿದ ಮೇಲೂ ಬಿಟ್ಟಿದಾನಲ್ಲ ಆ ಹುಡುಗನ್ನ!"

"ಅಂಥಾ ಆಟದ ಮಧ್ಯೆ ಅವನನ್ನ ಆಚೆ ಕರೆಸಿದ್ರೆ ನೀನೇ ಟಿ.ವಿ.ಗೆ ಮೊಟ್ಟೆ ಎಸೀತಿದ್ದೆ," ಅಂದ ಮರ್ವ್.

"ಎಸೀತಿದ್ದೆ. ಆದ್ರೆ ಮೊಣಕೈ ಉಳೀತಿತ್ತು."

"ಮ್ಯಾನೇಜರ್ ಬರೀ ಗೊಂಬೆ ಕಣಯ್ಯಾ. ಮೇಲಿನೋರ ಲೆಕ್ಕ ಬೇರೆ. ಮೊದಲ ಆರು ವರ್ಷ ಆಟಗಾರ ತಂಡದ ಸೊತ್ತು, ಅವರು ಆಡು ಅಂದ ಕಡೆ ಆಡಬೇಕು. ಆರು ತುಂಬಿದ ಮೇಲೆ ಅವನು ಸ್ವತಂತ್ರ, ಎಲ್ಲಿ ಬೇಕಾದ್ರೂ ಹೋಗ್ತಾನೆ. ತ್ರಿಯಾನಂಗೆ ಇದು ಐದನೇದು. ಹೋಗೋ ಮುಂಚೆ ಹಿಂಡಿಬಿಡೋಣ ಅಂತ."

"ಬಾಡಿಗೆ ಎತ್ತು ಅಂತ ಬಡಿದು ಬಡಿದು ಹೂಡಿದ್ರಂತೆ!"

"ಹಾಗೇ ಅಂದ್ಕೋ. ಈಗ ಆಪರೇಶನ್ನು, ಆರೈಕೆ ಅಂದ್ರೆ ಮುಂದಿನ ವರ್ಷವೂ ಹೋಯ್ತು. ಬೆಂಚಲ್ಲಿ ಕೂತೇ ಅವನ ಆರು ವರ್ಷ ತೀರ್ತದೆ. ಅವನಿಗೂ ಇಲ್ಲ, ನಮಗೂ ಇಲ್ಲ."

ಲೊರೇನ್ ಉಪ್ಪಿನಕಾಯಿ ಹಾಕಿದ ಮೊಟ್ಟೆಯ ಜಾಡಿಯನ್ನು ಮುಂದಿಡುತ್ತ, "ಮ್ಯಾನೇಜರು, ಮಾಲೀಕರು ಎಲ್ಲಾ ಹೇಳಿದ್ರಿ, ನಮ್ಮ ಜೀನ್ ಬಾಯಿನ ಮರೆತೇಬಿಟ್ರಲ್ಲಾ?" ಅಂದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಜೀನ್ ಕೂಡ ನಕ್ಕ. ಅಂದು ತಂಡ ಸೋತಿತು.

ಏಳುವಾಗ ಡೊಮ್ ಅವನ ಭುಜದ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡ ಮಾರಾಯಾ. ನಿನ್ನೆ ನೀನಿಲ್ಲ, ಗೆದ್ವಿ. ಇವತ್ತು ಬಂದೆ, ಸೋತ್ವಿ. ಒಂದೆರಡು ದಿನ ಮನೇಲಿದ್ದು ನೋಡು. ಸುಮ್ಮನೆ, ಪರೀಕ್ಷೆಗೆ."

ತಂಡ ಗೆದ್ದಿತು. ಮರುದಿನವೂ ಗೆದ್ದಿತು.

ಗೆಲುವಿನ ಸರಣಿ ನಡೆಯುವಾಗ ಏನನ್ನೂ ಬದಲಿಸಬಾರದು. ಆಟಗಾರ ಕಾಲುಚೀಲ ಒಗೆಯುವುದಿಲ್ಲ, ನೋಡುವವನು ಟೋಪಿ ಬದಲಿಸುವುದಿಲ್ಲ, ಲೊರೇನ್ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಸರಿಸುವುದಿಲ್ಲ. ಈ ನಿಯಮವನ್ನು ಜೀನ್ ತಾಯಿಯ ಜಪಮಾಲೆಯಷ್ಟೇ ಚೆನ್ನಾಗಿ ಬಲ್ಲ. ಡೊಮ್ ಫೋನ್ ಮಾಡಿ, "ನೀನೇ ನಮ್ಮ ಗೆಲುವಿನ ಗುಟ್ಟು ಕಣೋ, ಅಲ್ಲೇ ಇರು, ಅಲ್ಲಾಡಬೇಡ! ಸೋತ ದಿನ ಫೋನ್ ಮಾಡ್ತೀನಿ, ಬಂದ್ಬಿಡು" ಎಂದಾಗ, ಹಿಂದಿನಿಂದ ಬಾರಿನ ಗದ್ದಲ, ಮರ್ವ್‌ನ ಕೆಮ್ಮು, ಲೋಟಗಳ ಸದ್ದು ಕೇಳಿಸಿತು. "ಆಯ್ತು ಡೊಮ್" ಅಂದ ಜೀನ್. ತಾನೂ ತಂಡಕ್ಕಾಗಿ ಏನೋ ಮಾಡುತ್ತಿದ್ದೇನೆ ಎಂದು ಮೊದಲ ವಾರ ಅವನಿಗೆ ಹೆಮ್ಮೆಯೂ ಆಗಿತ್ತು.

ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೂರುತ್ತಿದ್ದ. ಪಿಚರ್ ಎಸೆದಾಗ ಉಸಿರು ಹಿಡಿಯುತ್ತಿದ್ದ. ಜೊತೆಯಲ್ಲಿ ಬಿಡಲು ಯಾರೂ ಇಲ್ಲದ್ದರಿಂದ ಅದು ಎದೆಯಲ್ಲೇ ನಿಂತುಬಿಡುತ್ತಿತ್ತು. ಒಳ್ಳೆಯ ಹೊಡೆತ ಬಿದ್ದರೆ ಮೇಜು ಗುದ್ದುತ್ತಿದ್ದ. ಆ ಸದ್ದು ಖಾಲಿ ಮನೆಯಲ್ಲಿ ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ಒಂದು ದಿನ ಗುದ್ದುವುದನ್ನು ಬಿಟ್ಟ. ಒಮ್ಮೆ ಮರ್ವ್ ಬಂದು ಬಾಗಿಲಲ್ಲೇ ನಿಂತು, ಲೊರೇನ್ ಕಳಿಸಿದ ಬನ್ನಿನ ಪೊಟ್ಟಣ ಕೊಟ್ಟ.

"ಒಳಗೆ ಬಾ ಮರ್ವ್, ಕಾಫಿ ಇದೆ."

"ಬರ್ತಿದ್ದೆ. ಆದ್ರೆ ಇವತ್ತು ಆಟ ಇದೆಯಲ್ಲ," ಎಂದು ಮರ್ವ್ ಹೊಸ್ತಿಲನ್ನು ನೋಡಿದ. ಅದನ್ನು ದಾಟಿದರೆ ಸೋಲು ತನ್ನ ಬೂಟಿಗೆ ಅಂಟಿಕೊಂಡೀತು ಎಂಬಂತೆ. "ಗೆಲ್ತಾ ಇದೀವಿ ಕಣಯ್ಯಾ! ನಿಂಗೇ ಗೊತ್ತಲ್ಲ."

ಜುಲೈ ಬಂತು. ಸ್ವಾತಂತ್ರ್ಯ ದಿನದ ಪಟಾಕಿಗಳು ಸರೋವರದ ಮೇಲೆ ಸಿಡಿದವು. ತಂಡ ಸೋಲಲಿಲ್ಲ. ಊರಿನ ಅಂಗಡಿಗಳ ಕಿಟಕಿಯಲ್ಲೆಲ್ಲ ತಂಡದ ಬಾವುಟ, ಬೀದಿಯಲ್ಲಿ ಗುರುತಿಲ್ಲದವರೂ ಒಬ್ಬರಿಗೊಬ್ಬರು, "ಇವತ್ತೂ ಹೊಡೀತೀವಿ" ಎಂದು ಕೈಯೆತ್ತಿ ಹೇಳುತ್ತಿದ್ದರು. ಇಡೀ ಊರನ್ನು ಒಂದು ಮಾಡಿದ ಆ ಸಂತೋಷಕ್ಕೆ ಹೊರಗಿದ್ದವನು ಜೀನ್ ಒಬ್ಬನೇ.

ಅಂಥ ಒಂದು ಸಂಜೆ, ಒಂಬತ್ತನೆಯ ಇನಿಂಗ್ಸ್. ತಂಡ ಒಂದೇ ಓಟದಿಂದ ಮುಂದಿತ್ತು. ಎದುರಾಳಿಗಳ ಬ್ಯಾಟುಗಾರ ಚೆಂಡನ್ನು ಎತ್ತಿ ಹೊಡೆದ. ಅದು ಬೇಲಿ ದಾಟಿದರೆ ಮುನ್ನಡೆ ಹೋಯಿತು. ವಿವರಣೆಗಾರನ ದನಿ ಏರಿತು, ಚೆಂಡು ಹೋಗುತ್ತಿದೆ, ಹೋಗುತ್ತಿದೆ... ಕುರ್ಚಿಯ ಅಂಚಿಗೆ ಬಂದಿದ್ದ ಜೀನ್‌ನ ಬಾಯಿಂದ ಒಂದು ಮಾತು ಬಂತು:

"ಹೋಗು."

ಚೆಂಡು ಬೇಲಿಯ ಬುಡದಲ್ಲಿ ತಂಡದವನ ಕೈಗೆ ಸಿಕ್ಕಿಬಿತ್ತು. ತಂಡ ಗೆದ್ದಿತು. ಜೀನ್ ರೇಡಿಯೊ ಆರಿಸಿ, ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಹರಡಿ ನೋಡುತ್ತ ಕೂತ. ಏಳು ವರ್ಷದ ಹುಡುಗನಾಗಿದ್ದಾಗ ಅಪ್ಪ ತಲೆಗೆ ತಂಡದ ಟೋಪಿ ಇಟ್ಟಂದಿನಿಂದ ಹಿಡಿದು ಇಲ್ಲಿಯವರೆಗೆ ಅವನು ತಂಡ ಸೋಲಲಿ ಎಂದು ಒಮ್ಮೆಯೂ ಬಯಸಿದವನಲ್ಲ. ಶನಿವಾರ ಚರ್ಚಿಗೆ ಹೋದಾಗ ತಾಯಿಯ ಹೆಸರಲ್ಲಿ ಮೇಣದಬತ್ತಿ ಹಚ್ಚಿದ. ಇನ್ನೊಂದನ್ನು ಕೈಗೆ ತೆಗೆದುಕೊಂಡು, ಏನೆಂದು ಬೇಡುವುದೆಂದು ತಿಳಿಯದೆ, ಹಚ್ಚದೆಯೇ ವಾಪಸಿಟ್ಟ. ಗೆಲ್ಲಲಿ ಎಂದರೆ ಸುಳ್ಳು. ಸೋಲಲಿ ಎಂದರೆ ದೇವರಿಗೆ ಕೇಳಿಸಿಬಿಡುತ್ತದೆ.

ಕಡೆಗೆ ಒಂದು ಮಂಗಳವಾರ ತಂಡ ಸೋತಿತು. ಹೀನಾಯವಾಗಿ ಸೋತಿತು. ಜೀನ್ ಫೋನನ್ನು ಅಡುಗೆಮನೆಯ ಮೇಜಿನ ನಡುವಿಟ್ಟು, ಅಂಗಿ ಬದಲಿಸಿ, ತಲೆ ಬಾಚಿಕೊಂಡು ಕೂತ. ಫೋನ್ ಬರಲಿಲ್ಲ. ಸೋತ ಬೇಸರಕ್ಕೆ ಮರೆತಿರಬೇಕು ಅಂದುಕೊಂಡ. ಬುಧವಾರ ಬೆಳಿಗ್ಗೆ ಮನೆ ಮುಂದಿನ ಹುಲ್ಲು ಕತ್ತರಿಸುವಾಗ, ಯಂತ್ರದ ಸದ್ದಿನಲ್ಲಿ ಫೋನು ಕೇಳಿಸದೆ ಹೋದೀತೆಂದು ಎರಡು ಸಲ ನಿಲ್ಲಿಸಿ ಕಿವಿಗೊಟ್ಟ. ಆ ವಾರವೆಲ್ಲ ತಂಡ ಒಂದು ದಿನ ಗೆದ್ದು ಒಂದು ದಿನ ಸೋಲುತ್ತ ಮಾಮೂಲಿಗೆ ಬಂತು. ಫೋನ್ ಮಾತ್ರ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅವನೇ ಹೋದ.

ಕಿಟಕಿ ಪಕ್ಕದ ಮೇಜಿನಲ್ಲಿ, ಅವನ ಕುರ್ಚಿಯಲ್ಲಿ, ಆ ಮೀನು ಕಟ್ಟಿಸಿಕೊಂಡು ಹೋದ ಹೆಂಗಸು ಕೂತಿದ್ದಳು. ಹೆಸರು ವಿಲ್ಮಾ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಜೀನ್ ಇಲ್ಲದ ಮೊದಲ ವಾರ ಮತ್ತೆ ಮೀನಿಗೆಂದು ಬಂದವಳು ಖಾಲಿ ಕುರ್ಚಿ ಕಂಡು ಕೂತಳಂತೆ. ತಂಡ ಗೆದ್ದಿತಂತೆ. ಆಮೇಲೆ ಅವಳು ಅಲ್ಲಿಂದ ಏಳುವ ಹಾಗಿರಲಿಲ್ಲ.

"ಓಹೋಹೋ! ಗಾಯಾಳುಗಳ ಪಟ್ಟಿಯಿಂದ ವಾಪಸ್ ಬಂದ್ನಪ್ಪಾ ನಮ್ಮ ಜೀನ್!" ಡೊಮ್ ಕೂಗಿದ. "ಲೊರೇನ್, ಇವನಿಗೊಂದು ಬಿಯರ್. ತೋಳು ಹೇಗಿದೆಯೋ?"

ಎಲ್ಲರೂ ನಕ್ಕರು. ವಿಲ್ಮಾ ಅರ್ಧ ಎದ್ದು, "ಇದು ನಿಮ್ಮ ಜಾಗ ಅಲ್ವೇನ್ರೀ?" ಅಂದಳು. ಜೀನ್ ಏನೋ ಹೇಳುವ ಮೊದಲೇ ಡೊಮ್, "ನೀವು ಕೂತ್ಕೊಳ್ಳಿ, ಅವನು ಎಲ್ಲಾದ್ರೂ ಕೂರ್ತಾನೆ" ಎಂದ. ಲೊರೇನ್ ಕಟ್ಟೆಯ ಕಡೆಯಿಂದ ಒಂದು ಸ್ಟೂಲು ಎಳೆದು ಕೊಟ್ಟಳು. ಮೇಜಿಗಿಂತ ಎತ್ತರ. ಅದರ ಮೇಲೆ ಕೂತ ಜೀನ್‌ಗೆ ಎಲ್ಲರ ನೆತ್ತಿ ಕಾಣುತ್ತಿತ್ತು.

"ನೀನು ಬಚಾವಾದೆ," ಎಂದು ಮರ್ವ್ ಫೋನು ಎತ್ತಿ ತೋರಿಸಿದ. "ತ್ರಿಯಾನನೇ ಪತ್ರಿಕೆಯೋರ ಹತ್ರ ಬಾಯಿ ಬಿಟ್ಟಿದಾನೆ. ಏಪ್ರಿಲ್‌ನಿಂದಲೇ ಮೊಣಕೈ ನೋವಿತ್ತಂತೆ, ಮುಚ್ಚಿಟ್ಟಿದ್ನಂತೆ. ನಾನು ಆವತ್ತಿಂದ ಹೇಳ್ತಾನೇ ಇದ್ದೆ, ವೇಗ ಇಳೀತಿದೆ ಅಂತ."

"ಹಾಗಾದ್ರೆ..." ಅಂದ ಜೀನ್.

"ಹಾಗಾದ್ರೆ ಏನು?" ಡೊಮ್ ಅವನ ಮುಖ ನೋಡಿದ. "ಲೋ, ನೀನೇನು ನಿಜ ಅಂತ ನಂಬ್ಕೊಂಡಿದ್ಯಾ? ತಮಾಷೆ ಕಣೋ ಅದು! ನೀನು ಒಂದು ಮಾತಾಡಿದ್ರೆ ಅಷ್ಟು ದೂರದಲ್ಲಿರೋನ ಮೊಣಕೈ ಮುರಿಯತ್ತಾ? ನೀನು ಯಾವಾಗ ಬೇಕಾದ್ರೂ ಬರಬಹುದಿತ್ತು."

"ಫೋನ್ ಮಾಡ್ತೀನಿ ಅಂದಿದ್ದೆ."

"ನಾನಾ?" ಡೊಮ್ ನಿಜವಾಗಿಯೂ ನೆನಪು ಮಾಡಿಕೊಳ್ಳಲು ಯತ್ನಿಸಿದ. ಹುಬ್ಬು ಗಂಟಿಕ್ಕಿತು, ಬಿಚ್ಚಿತು. "ಅಂದಿರಬೇಕು. ಇರಲಿ ಬಿಡು, ಬಂದೆಯಲ್ಲ." ಮರ್ವ್ ಕಡೆ ತಿರುಗಿದ. "ಈಗ ಹೇಳು, ನೋವು ಮುಚ್ಚಿಟ್ಟೋನಿಗೆ ಹೊಸ ಒಪ್ಪಂದ ಕೊಡಬೇಕಾ?"

"ಯಾಕೆ ಕೊಡಬಾರದು?" ವಿಲ್ಮಾ ನಡುವೆ ಬಂದಳು. ಇಷ್ಟು ದಿನಗಳಲ್ಲಿ ಅವಳು ಎಲ್ಲ ಕಲಿತಿದ್ದಳು. "ಹೇಳಿದ್ರೆ ಬೆಂಚಿಗೆ ಹಾಕ್ತಾರೆ, ಬೆಲೆ ಬಿದ್ದುಹೋಗತ್ತೆ. ಮುಚ್ಚಿಡದೆ ಇನ್ನೇನ್ ಮಾಡ್ತಾನೆ?"

"ಅದು ಅವನ ತೋಳಾಗಿದ್ರೆ ಸರಿ ತಾಯೀ. ಆರು ವರ್ಷ ಅದು ತಂಡದ ತೋಳು!"

"ನೋವು ಮಾತ್ರ ಅವನದಾ?"

"ಹೊಡೆದ್ರು ನೋಡು!" ಎಂದು ಮರ್ವ್ ಮೇಜು ತಟ್ಟಿದ. ಡೊಮ್ ಎರಡೂ ಕೈ ಎತ್ತಿ ಸೋತವನಂತೆ ನಟಿಸಿದ. ಮೇಜು ಬೆಚ್ಚಗಿತ್ತು. ಜಗಳ ಹದವಾಗಿ ಬೇಯುತ್ತಿತ್ತು. ಯಾವ ಕಡೆಗೂ ಸಾಕ್ಷಿ ಬೇಕಾಗಿರಲಿಲ್ಲ.

ಜೀನ್ ಬಿಯರನ್ನು ಎರಡು ಗುಟುಕು ಕುಡಿದ. ಯಾರಾದರೂ ಕೇಳುತ್ತಾರೆಂದು ಕಾದ. ಇಷ್ಟು ದಿನ ಏನು ಮಾಡಿದೆ, ಏನು ಉಂಡೆ, ಆಟ ಯಾರ ಜೊತೆ ಕೇಳಿದೆ, ಇಂಥ ಏನಾದರೂ ಒಂದು. ಡೊಮ್ ಉಸಿರು ತೆಗೆದುಕೊಳ್ಳಲು ನಿಂತಾಗ ಸಣ್ಣ ಸಂದು ಸಿಕ್ಕಿತು. ಆ ಸಂದಿನಲ್ಲಿ ಜೀನ್ ಹೇಳಿದ:

"ತಂಡ ಸೋಲಲಿ ಅಂತ ಬಯಸಿದೆ ನಾನು."

ಎಲ್ಲರೂ ತಿರುಗಿದರು.

"ಎಷ್ಟೋ ಸಂಜೆ. ಅಡುಗೆಮನೇಲಿ ಕೂತು. ಎದುರಿನೋರು ಹೊಡೆದಾಗ, ಹೋಗು, ಹೋಗು ಅಂದೆ. ನಿಜವಾಗ್ಲೂ."

ಈ ಮೇಜಿನಲ್ಲಿ ಇದಕ್ಕಿಂತ ಹೊಲಸು ಮಾತು ಇನ್ನೊಂದಿಲ್ಲ. ಇಂಥ ಮಾತಿಗೆ ಡೊಮ್ ಜನರನ್ನು ಕೊರಳಪಟ್ಟಿ ಹಿಡಿದು ಹೊರಗೆ ಹಾಕಿದ್ದನ್ನು ಜೀನ್ ಕಂಡಿದ್ದ. ಅವನು ಸ್ಟೂಲಿನ ಮೇಲೆ ನೆಟ್ಟಗೆ ಕೂತು ಡೊಮ್‌ನ ಕೈಗಳನ್ನೇ ನೋಡಿದ. ಬೈಯಲಿ. ಕೊರಳಪಟ್ಟಿಗೆ ಕೈ ಹಾಕಲಿ.

ಡೊಮ್‌ನ ಮುಖ ಕೆಂಪಾಯಿತು, ಉಬ್ಬಿತು, ಆಮೇಲೆ ನಗು ಸಿಡಿಯಿತು.

"ಕೇಳಿದ್ರಾ! ಐದು ವರ್ಷಕ್ಕೆ ಬಾಯಿ ಬಿಟ್ಟ, ಬಿಟ್ಟಿದ್ದೇ ಬಿಟ್ಟಿದ್ದು ಎಂಥಾ ಜೋಕು! ಎದುರಿನೋರಿಗೆ ಹೋಗು ಅಂದ್ನಂತೆ! ಲೊರೇನ್, ಕೇಳಿದ್ಯಾ?" ಅವನು ಕಣ್ಣೊರೆಸಿಕೊಂಡ. ಮರ್ವ್ ನಗುತ್ತ ಕೆಮ್ಮಿದ. ವಿಲ್ಮಾ ಅವರ ನಗು ಕಂಡು ನಕ್ಕಳು.

"ಹೇಳು ಮಾರಾಯಾ," ಡೊಮ್ ಅವನ ಮೊಣಕಾಲು ತಟ್ಟಿದ, "ನೀನಾಗಿದ್ರೆ ತ್ರಿಯಾನನ್ನ ಇಟ್ಕೋತಿದ್ಯಾ, ಮಾರಿಬಿಡ್ತಿದ್ಯಾ?"

ಕೇಳಿದವನ ಮುಖ ಆಗಲೇ ಮರ್ವ್ ಕಡೆ ತಿರುಗಿತ್ತು. "ನಾನಾದ್ರೆ ಇವತ್ತೇ ಮಾರ್ತೀನಿ. ಒಂದು ವರ್ಷ ಉಳಿದಿರುವಾಗಲೇ ಮಾರಿದ್ರೆ ಬದಲಿಗೆ ಎರಡು ಎಳೇ ತೋಳಾದ್ರೂ ಸಿಗತ್ತೆ..."

"ಹರಿದ ಮೊಣಕೈಗೆ ಯಾವ ಮೂರ್ಖ ಎರಡು ಕೊಡ್ತಾನಯ್ಯಾ?" ಅಂದ ಮರ್ವ್.

ಜೀನ್ ಸ್ಟೂಲಿನಿಂದ ಇಳಿದ. ಲೋಟದಲ್ಲಿ ಬಿಯರು ಇನ್ನೂ ಮುಕ್ಕಾಲು ಇತ್ತು. ಟೋಪಿ ತಲೆಗಿಟ್ಟುಕೊಂಡು ಬಾಗಿಲ ಕಡೆ ನಡೆದ. ಬಚ್ಚಲಿಗೆ ಹೊರಟನೆಂದುಕೊಂಡು ಯಾರೂ ತಲೆಯೆತ್ತಲಿಲ್ಲ.

"ಕೊಡ್ತಾರೆ ಕಣೋ, ಕೊಡ್ತಾರೆ. ಕೇಳು, ಆರನೇ ವರ್ಷ ಶುರುವಾಗೋ ಮುಂಚೆ..."

ಬಾಗಿಲಾಚೆ ಬಿಸಿಲು ಇನ್ನೂ ಖಡಕ್ಕಾಗಿತ್ತು. ಸರೋವರದಿಂದ ಗಾಳಿ ಬೀಸುತ್ತಿತ್ತು. ಡೊಮ್‌ನ ದೊಡ್ಡ ಗಂಟಲು ತೆರೆದ ಕಿಟಕಿಯಿಂದ ಬೀದಿಯ ತಿರುವಿನವರೆಗೂ ಅವನ ಹಿಂದೆಯೇ ಬಂತು, ಮಾತಿನ ನಡುವೆ ಒಮ್ಮೆ, "ಅಲ್ವೇನೋ ಜೀನ್?" ಎಂದಿತು. ಜೀನ್ ತಿರುಗಲಿಲ್ಲ.